ಗೋವಾದಲ್ಲಿ ಅಚ್ಚಾದ ತೆಂಗಿನ ವಿಚಾರ

ಪಣಜಿ

ಹಾಲ್ಕುರಿಕೆ ಚಿಕ್ಕಪ್ಪನವರಿಗೆ,

ಇಲ್ಲಿನ ದೊಡ್ಡ ಚರ್ಚಿನ ಹತ್ತಿರ ಒಂದು ಉದ್ಯಾನವಿದೆ. ಅದಕ್ಕಿಟ್ಟಿರುವುದು ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯನ ಹೆಸರು. ತೆಂಗು ಬೆಳೆಯುವ ನಮ್ಮವರು ಈತನ ಕಥೆ ಕೇಳಲೇಬೇಕು. ಯುರೋಪು ಮಧ್ಯಯುಗದಿಂದ ಹೊಸ ಕಾಲಕ್ಕೆ ಹೊರಳಿದ ಬಗೆ ಈತನೊಬ್ಬನ ಬಾಳಿನಲ್ಲೇ ಕಾಣುತ್ತದೆ.

ಓರ್ತಾ ಗೋವಾಕ್ಕೆ ಬಂದದ್ದು 1534ರಲ್ಲಿ. ಆಗ ಯುರೋಪಿನ ವೈದ್ಯರಿಗೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಗ್ಯಾಲೆನ್, ಡಯಾಸ್ಕೊರಿಡೀಸ್ ಬರೆದದ್ದೇ ವೇದವಾಕ್ಯ. 1543ರಲ್ಲಿ ಎರಡು ಪುಸ್ತಕಗಳು ಇಂಥ ನಂಬಿಕೆಯ ಬುಡವನ್ನೇ ಅಲುಗಾಡಿಸಿದವು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಕೊಪರ್ನಿಕಸ್. ಹೆಣ ಕೊಯ್ದು ನೋಡಿ ಗ್ಯಾಲೆನ್ನನ ತಪ್ಪು ತೋರಿಸಿದ ವೆಸಾಲಿಯಸ್. ಅದೇ ಕೆಲಸವನ್ನು ಓರ್ತಾ ಗಿಡಮೂಲಿಕೆಗಳ ವಿಷಯದಲ್ಲಿ ಮಾಡಿದ. ಅಹಮದ್‌ನಗರದ ಹಕೀಮರನ್ನು, ಇಲ್ಲಿನ ವೈದ್ಯರನ್ನು, ವ್ಯಾಪಾರಿಗಳನ್ನು ಕೇಳಿ ತಿಳಿದುಕೊಂಡ.

1563ರಲ್ಲಿ ಗೋವಾದಲ್ಲೇ ಅಚ್ಚಾದ ಅವನ ಪುಸ್ತಕ ಪ್ರಶ್ನೋತ್ತರದ ರೂಪದಲ್ಲಿದೆ. ರುವಾನೊ ಎಂಬ ಕಲ್ಪಿತ ಪಂಡಿತ ಹಳೆಯ ಗ್ರಂಥಗಳನ್ನು ಮುಂದಿಡುತ್ತಾನೆ. ಓರ್ತಾ ಕಣ್ಣಾರೆ ಕಂಡದ್ದನ್ನು ಹೇಳುತ್ತಾನೆ. ಸ್ಪೇನಿನಲ್ಲಿದ್ದಿದ್ದರೆ ಗ್ಯಾಲೆನ್ನನ ಎದುರು ಮಾತಾಡುವ ಧೈರ್ಯ ಬರುತ್ತಿರಲಿಲ್ಲ ಎಂದೂ ಅನ್ನುತ್ತಾನೆ. ತೆಂಗಿಗೆ ಅಲ್ಲಿ ಒಂದು ಅಧ್ಯಾಯವೇ ಇದೆ: ಮರದಿಂದ ಇಳಿಸುವ ಹೆಂಡ, ನಾರಿನ ಹಗ್ಗ, ಎಣ್ಣೆ, ಒಣಗಿಸಿದ ಕೊಬ್ಬರಿ ಹೊರ್ಮುಜ್‌ಗೂ ಘಟ್ಟದ ಮೇಲಿನ ಸೀಮೆಗೂ ಹೋಗುತ್ತಿದ್ದ ಸಂಗತಿ.

ಆಮೇಲಿನದು ಮಾತ್ರ ಘೋರ. ಬಲವಂತಕ್ಕೆ ಕ್ರೈಸ್ತರಾದ ಯೆಹೂದಿಗಳ ಮನೆತನ ಅವನದು. ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಶುರುವಾಗಿತ್ತು. 1568ರಲ್ಲಿ ಓರ್ತಾ ತೀರಿಕೊಂಡ. ಗುಟ್ಟಾಗಿ ಯೆಹೂದಿ ಧರ್ಮ ಪಾಲಿಸಿದಳೆಂದು ಮರುವರ್ಷ ಅವನ ಸೋದರಿ ಕತರೀನಾಳನ್ನು ಜೀವಂತ ಸುಟ್ಟರು. 1580ರಲ್ಲಿ ಓರ್ತಾನ ಗೋರಿ ಅಗೆದು ಮೂಳೆಗಳನ್ನೂ ಸುಟ್ಟರು.

ಪುಸ್ತಕ ಉಳಿಯಿತು. ಕ್ಲೂಸಿಯಸ್ ಎಂಬ ಸಸ್ಯವಿದ್ವಾಂಸ 1567ರಲ್ಲೇ ಆಂಟ್‌ವರ್ಪ್‌ನಲ್ಲಿ ಅದರ ಲ್ಯಾಟಿನ್ ಸಂಗ್ರಹ ಅಚ್ಚು ಹಾಕಿಸಿದ್ದ. ಗೋವಾ ಎಂಬ ಒಂದೇ ಪಟ್ಟಣದಲ್ಲಿ, ಒಂದೇ ತಲೆಮಾರಿನಲ್ಲಿ, ಅಚ್ಚುಕೂಟವೂ ಇತ್ತು, ಸುಡುವ ಕಂಬವೂ ಇತ್ತು. ಆ ನ್ಯಾಯಾಲಯ ಕಾಯಂ ಆಗಿ ಮುಚ್ಚಿದ್ದು 1812ರಲ್ಲಿ.

ಚಿಕ್ಕಪ್ಪ, ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಅಲ್ಲಾಡಿಸಿ, ಸದ್ದು ಕೇಳಿಯೇ ಉಂಡೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುತ್ತೀರಿ ನೀವು. ನಿಮ್ಮಂಥವರು ಬಲ್ಲದ್ದನ್ನು ಕೇಳಿ ಬರೆದಿಡುವ ಕೆಲಸ ನಮ್ಮೂರಿನಲ್ಲೂ ಆಗಬೇಕು. ನೀವು ಹೇಳುತ್ತಾ ಹೋಗಿ, ಮಕ್ಕಳು ಬರೆದುಕೊಳ್ಳಲಿ.

ಇಂತಿ,
ನಿಮ್ಮ ಅಣ್ಣನ ಮಗಳು