ಕಲಿಸಿ ಹೋದ ದಾದಿ

ದಾದಿ ಎಂದೊಡನೆ ನಮ್ಮ ಪೀಳಿಗೆಯವರ ಕಣ್ಮುಂದೆ ಬಂದು ನಿಲ್ಲುವುದು ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್. ಪ್ರೌಢಶಾಲೆಯಲ್ಲಿ ಆಕೆಯ ಪಾಠವನ್ನು ಹಲವು ವರ್ಷ ಮಾಡಿದವನು ನಾನು. ನಿವೃತ್ತಿಯ ಬಿಡುವಿನಲ್ಲಿ ಓದುತ್ತ ಹೋದಂತೆ ಇನ್ನೊಬ್ಬ ದಾದಿಯ ಪರಿಚಯವಾಯಿತು. ಅವರ ಹೆಸರು ಮೇರಿ ಲೀ ಮಿಲ್ಸ್. ತಾವೇ ಶುಶ್ರೂಷೆ ಮಾಡಿದ್ದಕ್ಕಿಂತ ಇತರರಿಗೆ ಅದನ್ನು ಕಲಿಸಿದ್ದು ಹೆಚ್ಚು. ಆದುದರಿಂದಲೋ ಏನೋ, ಮೇಷ್ಟರಾದ ನನಗೆ ಅವರಲ್ಲಿ ವಿಶೇಷ ಅಭಿಮಾನ.

ಮಿಲ್ಸ್ ಹುಟ್ಟಿದ್ದು 1912ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಹಳ್ಳಿಗಾಡಿನಲ್ಲಿ. ಅಜ್ಜ ಅಜ್ಜಿಯರು ಗುಲಾಮಗಿರಿಯನ್ನು ಉಂಡವರು. ಮನೆಯಲ್ಲಿ ಹನ್ನೊಂದು ಮಕ್ಕಳು. ಓದಿದ್ದು ಒಂದೇ ಕೊಠಡಿಯ ಶಾಲೆಯಲ್ಲಿ. ಅಂದು ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೂ ಕಪ್ಪುಜನರಿಗೂ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಆಸ್ಪತ್ರೆಯ ವಿಷಯ ಹೇಳುವುದೇ ಬೇಡ. ಆದುದರಿಂದ ಮಿಲ್ಸ್ ದಾದಿಯ ತರಬೇತಿ ಪಡೆದದ್ದು ಡರ್ಹಮ್ ನಗರದಲ್ಲಿ ಕಪ್ಪುಜನರಿಗಾಗಿಯೇ ಇದ್ದ ಲಿಂಕನ್ ಆಸ್ಪತ್ರೆಯ ಶಾಲೆಯಲ್ಲಿ. 1934ರಲ್ಲಿ ತೇರ್ಗಡೆಯಾದರು.

ಅಷ್ಟಕ್ಕೇ ತೃಪ್ತರಾಗುವ ಜೀವ ಅದಲ್ಲ. ವರ್ಜೀನಿಯಾದ ವೈದ್ಯಕೀಯ ಕಾಲೇಜಿನಿಂದ ಸಾರ್ವಜನಿಕ ಆರೋಗ್ಯ ಶುಶ್ರೂಷೆಯ ಪ್ರಮಾಣಪತ್ರ, ನ್ಯೂಯಾರ್ಕಿನ ಲೋಬೆನ್‌ಸ್ಟೈನ್ ಶಾಲೆಯಿಂದ ಪ್ರಸೂತಿ ವಿದ್ಯೆಯ ಪ್ರಮಾಣಪತ್ರ, ಬಳಿಕ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪದವಿ, ಸ್ನಾತಕೋತ್ತರ ಪದವಿ. ಆ ಪ್ರಸೂತಿ ವಿದ್ಯೆಯ ಮಹತ್ವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆಗ ದಕ್ಷಿಣದ ಕಪ್ಪು ಹೆಂಗಸರ ಹೆರಿಗೆಯನ್ನು ಬಹುಮಟ್ಟಿಗೆ ಮಾಡಿಸುತ್ತಿದ್ದವರು ಊರಿನ ಸೂಲಗಿತ್ತಿಯರು. ಅವರಿಗೆ ಕೈಗುಣವಿತ್ತು, ಅನುಭವವಿತ್ತು. ಆದರೆ ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿಯನ್ನು ಕುದಿಸದೆ ಬಳಸಿದರೆ ಕೂಸಿಗೆ ಧನುರ್ವಾಯು ತಗುಲುವ ಅಪಾಯ. ಬಾಣಂತಿಗೆ ರಕ್ತಸ್ರಾವವಾದರೆ ಯಾವಾಗ ವೈದ್ಯರನ್ನು ಕರೆಯಬೇಕೆಂಬ ತಿಳಿವು ಬೇಕು. ದಾದಿಯ ಶಾಸ್ತ್ರವನ್ನೂ ಸೂಲಗಿತ್ತಿಯ ಕೈಚಳಕವನ್ನೂ ಒಬ್ಬಳಲ್ಲೇ ಕೂಡಿಸುವ ಪ್ರಯತ್ನ ಅಮೆರಿಕದಲ್ಲಿ ಆಗ ತಾನೇ ಆರಂಭವಾಗಿತ್ತು. ಮಿಲ್ಸ್ ಅದರ ಮೊದಲ ಫಲಗಳಲ್ಲಿ ಒಬ್ಬರು. ಮುಂದೆ ಡರ್ಹಮ್‌ನಲ್ಲಿ ಸಾರ್ವಜನಿಕ ಆರೋಗ್ಯ ಶುಶ್ರೂಷೆಯ ಶಿಕ್ಷಣ ವಿಭಾಗವನ್ನೇ ನಡೆಸಿದರು.

1946ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅವರನ್ನು ಪಶ್ಚಿಮ ಆಫ್ರಿಕಾದ ಲೈಬೀರಿಯಕ್ಕೆ ಕಳುಹಿಸಿತು. ಅಮೆರಿಕದಿಂದ ಹೋಗಿ ನೆಲೆಸಿದ ಕಪ್ಪುಜನರು 1847ರಲ್ಲಿ ಸ್ವತಂತ್ರವೆಂದು ಸಾರಿದ ದೇಶವದು. ಅಲ್ಲಿ ಮಿಲ್ಸ್ ಮುಖ್ಯ ಶುಶ್ರೂಷಾ ಅಧಿಕಾರಿ. ಆ ನಾಡಿನ ಮೊತ್ತಮೊದಲ ಆರೋಗ್ಯ ಶಿಕ್ಷಣ ಅಭಿಯಾನಗಳಲ್ಲಿ ಕೆಲವನ್ನು ನಡೆಸಿದರು, ಸ್ಥಳೀಯ ಹೆಣ್ಣುಮಕ್ಕಳಿಗೆ ದಾದಿಯ ತರಬೇತಿ ದೊರಕುವಂತೆ ಬುನಾದಿ ಹಾಕಿದರು. ಲೈಬೀರಿಯ ಸರಕಾರ ತನ್ನ ಗೌರವ ಪದವಿಯಿತ್ತು ಸನ್ಮಾನಿಸಿತು.

ಅದೇ 1946ರಲ್ಲಿ ಅಮೆರಿಕದ ಕಾಂಗ್ರೆಸ್ ಹಿಲ್-ಬರ್ಟನ್ ಎಂಬ ಕಾಯಿದೆ ಮಾಡಿತು. ಆಸ್ಪತ್ರೆ ಕಟ್ಟಲು ಕೇಂದ್ರದ ಹಣ ಕೊಡುವ ಒಳ್ಳೆಯ ಕಾಯಿದೆಯೇ. ಆದರೆ ಅದರೊಳಗೊಂದು ಕೊಂಕು: ಬಿಳಿಯರಿಗೊಂದು, ಕಪ್ಪುಜನರಿಗೊಂದು ಎಂದು ಬೇರೆ ಬೇರೆ ಆಸ್ಪತ್ರೆ ಕಟ್ಟಿದರೂ ಹಣ ಸಿಗುತ್ತಿತ್ತು. ತನ್ನ ಹೆಸರಿನಲ್ಲಿ ಹೊರನಾಡಿನ ರೋಗಿಗಳ ಆರೈಕೆಗೆ ಹೊರಟವಳನ್ನು ತನ್ನ ನೆಲದ ಆಸ್ಪತ್ರೆಯ ಮುಂಬಾಗಿಲಿನಿಂದ ಒಳಗೆ ಬಿಡದ ದೇಶವನ್ನು ಏನೆನ್ನಬೇಕು? ಈ ಕೊಂಕನ್ನು ನ್ಯಾಯಾಲಯ ಕಿತ್ತುಹಾಕಿದ್ದು 1963ರಲ್ಲಿ. ಆ ಮೊಕದ್ದಮೆ ಹೂಡಿದವರೂ ಮಿಲ್ಸ್ ಅವರ ರಾಜ್ಯದವರೇ: ಗ್ರೀನ್ಸ್‌ಬರೋದ ದಂತವೈದ್ಯ ಜಾರ್ಜ್ ಸಿಂಕಿನ್ಸ್ ಮತ್ತು ಸಂಗಡಿಗರು.

ಆ ಹದಿನೇಳು ವರ್ಷ ಮಿಲ್ಸ್ ಸುಮ್ಮನೆ ಕುಳಿತಿರಲಿಲ್ಲ. ಲೈಬೀರಿಯದ ನಂತರ ಲೆಬನಾನ್. ಅಲ್ಲಿ ಶುಶ್ರೂಷಾ ಶಾಲೆಯೊಂದರ ಸ್ಥಾಪನೆಗೆ ದುಡಿದರು. ಅದೇ ಆ ದೇಶದ ಪ್ರಥಮ ಶಾಲೆಯೆಂದು ಹೊಗಳಿ ಬರೆಯುವವರಿದ್ದಾರೆ. ಬೈರೂತಿನಲ್ಲಿ ಅಮೆರಿಕನ್ ಕಾಲೇಜಿನವರು 1905ರಲ್ಲೇ ಒಂದನ್ನು ತೆರೆದಿದ್ದುದರಿಂದ ಅಷ್ಟು ದೂರ ಹೋಗಬೇಕಾಗಿಲ್ಲ. ಅವರ ಹಿರಿಮೆಗೆ ‘ಪ್ರಥಮ’ದ ಹಂಗೇಕೆ? ಲೆಬನಾನ್ ಸರಕಾರವೂ ಸೀಡರ್ ಪದಕ ನೀಡಿತು. ಅನಂತರ ದಕ್ಷಿಣ ವಿಯೆಟ್ನಾಂ, ಕಾಂಬೋಡಿಯ, ಚಾಡ್. ಹೋದಲ್ಲೆಲ್ಲ ಆ ಜನರ ಭಾಷೆಗೆ ಕಿವಿಗೊಟ್ಟರು. ಫ್ರೆಂಚ್, ಅರಬ್ಬಿ, ಕಾಂಬೋಡಿಯದ ಭಾಷೆಗಳನ್ನು ಕಲಿತರು. ಇದನ್ನು ನಾನು ಪದಕಗಳಿಗಿಂತ ದೊಡ್ಡದೆಂದು ಎಣಿಸುತ್ತೇನೆ. ನೀರು ಕುದಿಸಿ ಕುಡಿಯಿರಿ ಎಂಬ ಮಾತನ್ನು ದುಭಾಷಿಯ ಬಾಯಿಂದ ಹೇಳಿಸುವುದಕ್ಕೂ, ತಾಯಿಯೊಬ್ಬಳ ಎದುರು ಕುಳಿತು ಅವಳ ನುಡಿಯಲ್ಲೇ ಹೇಳುವುದಕ್ಕೂ ಇರುವ ಅಂತರ ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತು. ಮನೆಯಲ್ಲಿ ಬೇರೆ ಭಾಷೆಯಾಡುವ ಮಕ್ಕಳಿಗೆ ಕನ್ನಡದಲ್ಲಿ ಪಾಠ ಮಾಡುವಾಗ, ಅವರ ಭಾಷೆಯ ಒಂದೇ ಒಂದು ಪದ ಬಳಸಿದರೂ ಮುಖ ಅರಳುವುದನ್ನು ನಾನೇ ಕಂಡಿದ್ದೇನೆ.

1966ರಲ್ಲಿ ಸ್ವದೇಶಕ್ಕೆ ಮರಳಿದ ಮಿಲ್ಸ್, ಬೆಳೆಯಿಂದ ಬೆಳೆಗೆ ಊರೂರು ಅಲೆಯುವ ಕೃಷಿ ಕೂಲಿಗಳ ಆರೋಗ್ಯ ಯೋಜನೆಗೆ ಸಲಹೆಗಾರರಾದರು. ಕೊಯಿಲು ಮುಗಿದೊಡನೆ ಗುಡಿಸಲು ಬಿಟ್ಟು ಹೊರಡುವವರಿಗೆ ಚುಚ್ಚುಮದ್ದಿನ ಎರಡನೆಯ ಸರದಿ ಕೊಡುವವರು ಯಾರು, ಎಲ್ಲಿ? ಪರದೇಶಗಳಲ್ಲಿ ಕಂಡ ಬವಣೆ ತಮ್ಮ ದೇಶದ ಹೊಲಗಳಲ್ಲೂ ಇತ್ತು. 1972ರಲ್ಲಿ ರಾಕ್‌ಫೆಲರ್ ಸಾರ್ವಜನಿಕ ಸೇವಾ ಪ್ರಶಸ್ತಿ ಬಂದಿತು, 1976ರಲ್ಲಿ ನಿವೃತ್ತಿ. ಅದೇ ವರ್ಷ ಅವರು ಕಲಿತ ಲಿಂಕನ್ ಆಸ್ಪತ್ರೆಯೂ ಬಾಗಿಲು ಮುಚ್ಚಿತು; ಕಪ್ಪು ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆ ಬೇಕೆಂಬ ಕಾಲ ಮುಗಿದಿತ್ತು. ತಾವು ಹುಟ್ಟಿದ ಸೀಮೆಗೇ ಹಿಂದಿರುಗಿದ ಮಿಲ್ಸ್ 2010ರ ಫೆಬ್ರವರಿ 2ರಂದು, 97ನೆಯ ವಯಸ್ಸಿನಲ್ಲಿ ತೀರಿಕೊಂಡರು.