ನೂರಕ್ಕೆ ಹದಿನೆಂಟು

ಪುಣೆಯ ಲ್ಯಾಬಿನ ಚಿಕ್ಕ ಕೋಣೆಯಿಂದ ಹೊರಬಂದು ಡಬ್ಬಿಯನ್ನು ಕಿಟಕಿಯಲ್ಲಿ ಕೊಟ್ಟೆ. ಹುಡುಗಿ ತಲೆ ಎತ್ತದೆ, ಎಷ್ಟು ದಿನದ ಅಂತರ ಎಂದು ಮರಾಠಿಯಲ್ಲಿ ಕೇಳಿದಳು. "ತೀನ್" ಅಂದೆ. ಎರಡರಿಂದ ಏಳು ದಿನ ಬಿಟ್ಟು ಕೊಡಬೇಕು, ಒಂದು ಗಂಟೆಯೊಳಗೆ ನೋಡಬೇಕು. ಅಷ್ಟೇ. ಸೂಜಿಯಿಲ್ಲ, ನೋವಿಲ್ಲ.

ಇಷ್ಟು ಸುಲಭದ ಪರೀಕ್ಷೆಗೆ ನಾನು ಬಂದದ್ದು ಎರಡು ವರ್ಷ ತಡವಾಗಿ. ಅಷ್ಟರಲ್ಲಿ ಹೆಂಡತಿಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಟ್ಯೂಬಿಗೆ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇ ಎಲ್ಲ ಆಗಿದ್ದವು. ಎಲ್ಲವೂ ನಾರ್ಮಲ್. ಆದರೂ ಧಾರವಾಡದಿಂದ ಅವ್ವನ ಫೋನು: "ಯಲ್ಲಮ್ಮಗ ಹರಕಿ ಹೊತ್ತೇನಿ, ಆಕೀನ್ನ ಕರಕೊಂಡು ಬಾ." ನಾನು ಹೂಂ ಅನ್ನುತ್ತಿದ್ದೆ.

ರಿಪೋರ್ಟಿನಲ್ಲಿ ಸಂಖ್ಯೆ ಸಾಕಷ್ಟಿತ್ತು. ಮುಂದಕ್ಕೆ ಈಜುವ ವೀರ್ಯಾಣು ಮಾತ್ರ ನೂರಕ್ಕೆ 18. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ 30. ಉಳಿದವು ಇದ್ದಲ್ಲೇ ಅಲುಗಾಡುತ್ತಿದ್ದವು, ಇಲ್ಲವೇ ಸುಮ್ಮನೆ ಬಿದ್ದಿದ್ದವು. ಫೇಲಾದೆ ಅಂದುಕೊಂಡೆ.

ಡಾಕ್ಟರು ತಿದ್ದಿದರು. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನು ಪರೀಕ್ಷಿಸಿ, ತೀರಾ ಕೆಳಗಿನ ನೂರಕ್ಕೆ ಐವರನ್ನು ಬಿಟ್ಟು ಎಳೆದ ಗೆರೆ ಅದು. ಆ ಐವರೂ ಅಪ್ಪಂದಿರೇ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಸಿಗರೇಟು ಬಿಟ್ಟು ಮೂರು ತಿಂಗಳಿಗೆ ಮತ್ತೆ ಕೊಡಿ ಎಂದರು. ಆಗಲೂ ಸುಧಾರಿಸದಿದ್ದರೆ ಇಕ್ಸಿ ಇದೆ: ಒಂದೇ ವೀರ್ಯಾಣುವನ್ನು ಆರಿಸಿ ಅಂಡಾಣುವಿನೊಳಗೆ ಸೇರಿಸುವುದು. ಅಲ್ಲಿ ಅದು ಈಜಿ ತಲುಪಬೇಕಿಲ್ಲ.

"ಅದೂ ಗ್ಯಾರಂಟಿಯಲ್ಲ, ಅಂಡಾಣುವಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಮತ್ತೆ ಇಂಜೆಕ್ಷನ್ನುಗಳೆಲ್ಲ ಇವರಿಗೇ," ಎಂದು ಹೆಂಡತಿಯ ಕಡೆ ನೋಡಿದರು. ಈಜದಿರುವುದು ನನ್ನವು, ಚುಚ್ಚಿಸಿಕೊಳ್ಳಬೇಕಾದವಳು ಇವಳು. ಅವಳು ಏನೂ ಅನ್ನಲಿಲ್ಲ. ಆಟೋದಲ್ಲೂ ಅನ್ನಲಿಲ್ಲ.

ರಾತ್ರಿ ನಾನೇ ಫೋನ್ ಮಾಡಿದೆ. "ಅವ್ವಾ, ಕಡಿಮಿ ಇರೋದು ಆಕೀಗಲ್ಲ, ನನಗ. ಮೊದಲ ತೋರಿಸ್ಕೋಬೇಕಿತ್ತು, ನಾನ ಹೋಗಿರಲಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದಷ್ಟೇ. ಆಮೇಲೆ, "ಆಕೀ ಕೈಯಾಗ ಫೋನ್ ಕೊಡು," ಅಂದಳು.

ಹೆಂಡತಿ ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಸೊಸೆ ಏನು ಮಾತಾಡಿದರೋ ನಾನು ಕೇಳಿಲ್ಲ. ಹರಕೆಯ ಮಾತು ಮಾತ್ರ ಮತ್ತೆ ಬಂದಿಲ್ಲ.

ಸಿಗರೇಟು ಬಿಟ್ಟು ಇವತ್ತಿಗೆ ನಲವತ್ತು ದಿನ.