ಸ್ಟ್ರಗಲ್ ಅಂದರೆ ಏಗುವುದೋ, ಹೋರಾಡುವುದೋ?

‘ಸ್ಟ್ರಗಲ್’ ಈಗ ಕನ್ನಡದ್ದೇ ಪದವಾಗಿಬಿಟ್ಟಿದೆ. ಯಾವ ನಟನ ಸಂದರ್ಶನ ನೋಡಿದರೂ ‘ತುಂಬಾ ಸ್ಟ್ರಗಲ್ ಮಾಡಿ ಬಂದೆ’ ಎಂಬ ಮಾತು ಇರಲೇಬೇಕು. ನನ್ನ ಗೆಳೆಯರೂ ಕೆಲಸದ ಇಂಟರ್‌ವ್ಯೂಗೆ ಹೊರಡುವ ಮುನ್ನ ತಮ್ಮದೊಂದು ಸ್ಟ್ರಗಲ್ ಕಥೆ ಸಿದ್ಧಮಾಡಿಕೊಳ್ಳುತ್ತಾರೆ.

ಇದನ್ನು ಕನ್ನಡಕ್ಕೆ ತರಲು ಹೊರಟರೆ ಒಂದು ಪದ ಸಾಲದು. ಕಾಸಿಲ್ಲದೆ ಅಲೆಯುವುದು ಪರದಾಟ. ದಾರಿ ಕಾಣದೆ ಒಳಗೊಳಗೇ ಸಂಕಟಪಡುವುದು ಒದ್ದಾಟ. ಕೈಮೀರಿದ ಕೆಲಸ ಮುಗಿಸಲು ಹೊರಟರೆ ಹೆಣಗಾಟ. ಎದುರಿಗೆ ಒಬ್ಬರಿದ್ದರೆ ಹೋರಾಟ. ಇಂಗ್ಲಿಷಿನಲ್ಲಾದರೋ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರದ್ದೂ ಸ್ಟ್ರಗಲ್, ಬಾಟಲಿಯ ಮುಚ್ಚಳ ತೆಗೆಯಲಾಗದವರದ್ದೂ ಸ್ಟ್ರಗಲ್.

1859ರಲ್ಲಿ ಬಂದ ತನ್ನ ‘ಆನ್ ದಿ ಆರಿಜಿನ್ ಆಫ್ ಸ್ಪೀಶೀಸ್’ ಪುಸ್ತಕದ ಮೂರನೆಯ ಅಧ್ಯಾಯಕ್ಕೆ ಡಾರ್ವಿನ್ ಈ ಪದವನ್ನೇ ಶೀರ್ಷಿಕೆಯಲ್ಲಿಟ್ಟ. ಜೊತೆಗೆ, ಇದನ್ನು ವಿಶಾಲವಾದ ರೂಪಕದ ಅರ್ಥದಲ್ಲಿ ಬಳಸುತ್ತಿದ್ದೇನೆ ಎಂದೂ ಹೇಳಿದ. ಮರುಭೂಮಿಯ ಅಂಚಿನ ಗಿಡ ಬರದೊಂದಿಗೆ ಸೆಣಸುತ್ತದೆ ಎನ್ನಬಹುದಾದರೂ ಸರಿಯಾಗಿ ಹೇಳಬೇಕೆಂದರೆ ಅದು ತೇವವನ್ನು ನಂಬಿಕೊಂಡಿದೆ ಎಂಬುದು ಅವನ ವಿವರಣೆ. ನಾವು ‘ಅಸ್ತಿತ್ವಕ್ಕಾಗಿ ಹೋರಾಟ’ ಎಂದು ಅನುವಾದಿಸಿ ಆ ಬಡಗಿಡದ ಕೈಗೆ ಕತ್ತಿ ಕೊಟ್ಟೆವು.

ಆ ಗಿಡದ ಪಾಡಿಗೆ ಸರಿಯಾದ ಪದ ಸಿಕ್ಕಿದ್ದು ಅಮ್ಮನಿಂದ. ಅವಳು ರವಿಕೆ ಹೊಲಿದು ನಮ್ಮಿಬ್ಬರನ್ನು ಓದಿಸಿದವಳು. ಒಮ್ಮೆ ‘ನಿಂದು ದೊಡ್ಡ ಹೋರಾಟ ಕಣಮ್ಮ’ ಅಂದೆ. ಅವಳು ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿ, ‘ಯಾರ ಮೇಲೆ ಹೋರಾಡ್ಲಿ? ಹೆಂಗೋ ಏಗ್ದೆ ಅಷ್ಟೆ’ ಅಂದಳು.

ಏಗುವುದೆಂದರೆ ಇವತ್ತನ್ನು ನಾಳೆಗೆ ದಾಟಿಸುವುದು. ಅದರಲ್ಲಿ ಗೆದ್ದೆ ಎಂದು ಹೇಳಿಕೊಳ್ಳುವ ದಿನ ಬರುವುದಿಲ್ಲ. ಹಾಗಾಗಿ ಸಂದರ್ಶನಗಳಲ್ಲಿ ಅದಕ್ಕೆ ಜಾಗವಿಲ್ಲ.

ಆದರೆ ಅಮ್ಮನ ‘ಯಾರ ಮೇಲೆ?’ ಎಂಬ ಪ್ರಶ್ನೆಗೆ ಕೆಲವೊಮ್ಮೆ ಉತ್ತರವಿರುತ್ತದೆ. 2016ರಲ್ಲಿ, ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ ತಂದಿತು. ಆ ವರ್ಷದ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದು ಹೊಸೂರು ರಸ್ತೆ ತಡೆದರು. ಮರುದಿನವೇ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಅಮ್ಮನ ಹಾಗೆ ಹೊಲಿಗೆ ಯಂತ್ರದ ಮುಂದೆ ವರ್ಷಗಟ್ಟಲೆ ಏಗಿದವರೇ ಅವರು. ಎದುರಿಗಿರುವುದು ಯಾರೆಂದು ಕಂಡ ದಿನ ಅವರು ಹೋರಾಟಗಾರರಾದರು.

ಎಲ್ಲವನ್ನೂ ‘ಸ್ಟ್ರಗಲ್’ ಅಂದುಬಿಟ್ಟರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಈಗ ಯಾರಾದರೂ ನನ್ನೆದುರು ಆ ಪದ ಬಳಸಿದರೆ, ಏಗುತ್ತಿದ್ದೀಯೋ ಹೋರಾಡುತ್ತಿದ್ದೀಯೋ ಎಂದು ಕೇಳುತ್ತೇನೆ. ಏಗುವವರಿಗೆ ಒಂದು ಕೈ ಆಸರೆ ಬೇಕು. ಹೋರಾಡುವವರಿಗೆ ಪಕ್ಕದಲ್ಲಿ ನಿಲ್ಲುವ ಜನ ಬೇಕು.